ಹೆಗಲು ಬದಲಿಸುವ ಬಡಿತ

ಮಾಗಡಿ ರಸ್ತೆಯ ಬದಿಗೆ ಮನೋಹರನ ಮನೆಯವರ ತೋಟವಿದೆ. ಅದರ ಮೂಲೆಯಲ್ಲಿ ಒಂದು ಕಾಲಕ್ಕೆ ರೇಷ್ಮೆ ಸಾಕುತ್ತಿದ್ದ ಉದ್ದನೆಯ ಹುಳುಮನೆ. ಹಿಪ್ಪುನೇರಳೆ ಕಿತ್ತು ಮಾವು ಇಟ್ಟ ಮೇಲೆ ಅದು ಖಾಲಿ ಬಿದ್ದಿತ್ತು. ಮನೋಹರ ಅದನ್ನು ಗುಡಿಸಿ, ಹುಳು ಗೂಡು ಕಟ್ಟುತ್ತಿದ್ದ ಬಿದಿರಿನ ಚಂದ್ರಿಕೆಗಳನ್ನೇ ಗೋಡೆಗೆ ಒರಗಿಸಿ, ಮೇಲೆ ಗೋಣಿಚೀಲ ಹೊಡೆದು, ತನ್ನ ಬ್ಯಾಂಡಿನ ಅಭ್ಯಾಸಕ್ಕೆ ಇಟ್ಟುಕೊಂಡಿದ್ದ. ಆದರೂ ಸದ್ದು ಹೊರಗೆ ಹೋಗುತ್ತಿತ್ತು. ಪಕ್ಕದ ಹೊಲದ ಹನುಮಂತಮ್ಮ ಇನ್ನೂ ಹುಳು ಸಾಕುತ್ತಿದ್ದವಳು. ಆಗಾಗ ಬೇಲಿಯಾಚೆ ನಿಂತು, ತನ್ನ ಹುಳ ಪೊರೆ ಬಿಡುವ ಜ್ವರಕ್ಕೆ ಕೂತಿವೆ, ನಿಮ್ಮ ಗಲಾಟೆಗೆ ಅವು ಎದ್ದ ಮೇಲೆ ಸೊಪ್ಪು ಮುಟ್ಟದಿದ್ದರೆ ಗೂಡು ನೀವೇ ಕಟ್ಟಿಕೊಡಿ ಎಂದು ಹೇಳಿ ಹೋಗುತ್ತಿದ್ದಳು.

ಬ್ಯಾಂಡಿನಲ್ಲಿ ಮೂವರು. ಗಿಟಾರು ಮತ್ತು ಹಾಡು ಮನೋಹರನದು. ಬೇಸ್ ಗಿಟಾರು ಸಾಬೀರನದು. ಅವರ ಮನೆಯಲ್ಲಿ ರಾಮನಗರದ ಗೂಡಿನ ಮಾರುಕಟ್ಟೆಯಿಂದ ಗೂಡು ತಂದು ನೂಲು ತೆಗೆಯುತ್ತಾರೆ. ಡ್ರಮ್ಸ್ ಮಮತಾಳದು. ಅವಳು ಡಿಪ್ಲೊಮಾ ಮುಗಿಸಿ ಬಿಡದಿ ಕೈಗಾರಿಕಾ ಪ್ರದೇಶದಲ್ಲಿ ಕಾರಿನ ಬಿಡಿಭಾಗ ಮಾಡುವ ಒಂದು ಕಾರ್ಖಾನೆಗೆ ಪಾಳಿಯ ಮೇಲೆ ಹೋಗುತ್ತಿದ್ದಳು. ಅವಳನ್ನು ಬ್ಯಾಂಡಿಗೆ ಕರೆದವನು ಮನೋಹರನೇ. ಹುಡುಗಿ ಡ್ರಮ್ಸ್ ಮುಂದೆ ಕೂತರೆ ಜನ ನಿಂತು ನೋಡುತ್ತಾರೆ ಎಂಬುದು ಅವನ ಲೆಕ್ಕ. ಅದು ಮಮತಾಳಿಗೂ ಗೊತ್ತಿತ್ತು. ಡ್ರಮ್ಸ್ ಸಿಕ್ಕಿತಲ್ಲ, ಅಷ್ಟು ಸಾಕಾಗಿತ್ತು.

ಅವರು ಬಾರಿಸುತ್ತಿದ್ದುದು ಥ್ರ್ಯಾಶ್, ಅಬ್ಬರದ ಮೆಟಲ್ ಸಂಗೀತ. ಥ್ರ್ಯಾಶ್ ಎಂದರೆ ಬರೀ ಓಟ ಎಂದುಕೊಂಡವರೇ ಹೆಚ್ಚು. ಓಟ ಸುಲಭ; ಕೈಯಲ್ಲಿ ಕಸುವಿದ್ದವರು ಯಾರು ಬೇಕಾದರೂ ಓಡಿಸಿಯಾರು. ಕಷ್ಟವಿರುವುದು ಹಾಡಿನ ನಡುವೆ ಓಟ ನಿಂತು ನಡಿಗೆ ಶುರುವಾಗುವ ಕಡೆ. ಅಲ್ಲಿ ಗಿಟಾರು ಗರಗಸ ಎಳೆದಂತೆ ಒಂದೇ ಸಮ ಎಳೆಯುತ್ತಿರುತ್ತದೆ. ಅದರ ಕೆಳಗೆ ಕಾಲಿನ ದೊಡ್ಡ ಡ್ರಮ್ಮು, ಎಡಗೈಯ ಸಣ್ಣ ಡ್ರಮ್ಮು ಸ್ನೇರು, ಬಲಗೈಯ ಕಂಚಿನ ತಟ್ಟೆ ಮೂರೂ ಅಳತೆ ತಪ್ಪದೆ, ಏರದೆ, ಇಳಿಯದೆ ನಡೆಯಬೇಕು. ಕೇಳುವವರ ತಲೆ ತಾನಾಗಿ ತೂಗುವುದು ಅಲ್ಲೇ.

ಮಮತಾಳ ಕೈ ತಪ್ಪುತ್ತಿದ್ದುದೂ ಅಲ್ಲೇ. ಅವಳು ತಮಟೆ ಮುಟ್ಟಿದವಳಲ್ಲ. ಆದರೆ ಚಿಕ್ಕಂದಿನಲ್ಲಿ ಊರಿನ ಮಾರಮ್ಮನ ಹಬ್ಬಕ್ಕೆ ಹೋದಾಗ ತಮಟೆ ಬಡಿಯುವ ದೊಡ್ಡಪ್ಪನ ಮಗ್ಗುಲು ಬಿಡುತ್ತಿರಲಿಲ್ಲ. ಬಡಿಯುವವನ ಕಣ್ಣು ತಮಟೆಯ ಮೇಲಿರುವುದಿಲ್ಲ, ಕುಣಿಯುವವರ ಕಾಲಿನ ಮೇಲಿರುತ್ತದೆ. ಕಾಲು ಎದ್ದರೆ ಬಡಿತ ಏರಬೇಕು. ಬಡಿತ ಏರಿದ್ದಕ್ಕೆ ಕಾಲು ಇನ್ನಷ್ಟು ಏಳಬೇಕು. ಏರಿಸದವನನ್ನು ಕೈಲಾಗದವನು ಎನ್ನುತ್ತಾರೆ. ಹಾಗಾಗಿ ಮುಂದೆ ನಿಂತ ಜನ ಅಲ್ಲಾಡಿದ ತಕ್ಷಣ ಮಮತಾಳ ಕೈ ಅವಳನ್ನು ಕೇಳದೆಯೇ ಏರುತ್ತಿತ್ತು. ಅವಳ ಕೇರಿಯಲ್ಲಿ ಅದು ಮರ್ಯಾದೆ. ಥ್ರ್ಯಾಶಿನಲ್ಲಿ ಅದು ತಪ್ಪು.

ಕನಕಪುರದ ಒಂದು ಕಾಲೇಜಿನ ವಾರ್ಷಿಕೋತ್ಸವದಲ್ಲಿ ಆ ತಪ್ಪು ಎಲ್ಲರೆದುರಿಗೆ ಆಯಿತು. ನಡಿಗೆಯ ಭಾಗದಲ್ಲಿ ಹುಡುಗರು ಕುಣಿಯತೊಡಗಿದರು, ಬಡಿತ ಏರಿತು, ಗಿಟಾರು ಎಲ್ಲೋ, ಡ್ರಮ್ಸ್ ಎಲ್ಲೋ ಆಗಿ ಹಾಡು ನಿಂತೇ ಹೋಯಿತು. ಮನೋಹರ ನಗುತ್ತ ಮೈಕಿಗೆ ಬಾಯಿ ಹಚ್ಚಿದ.

"ಒಸಿ ತಾಳ್ರಪ್ಪ. ನಮ್ ಡ್ರಮ್ಮರ್‌ಗೆ ಮಾರಿಹಬ್ಬ ಗ್ಯಾಪಕ ಬಂದೈತೆ. ಜನ ಕುಣಿದ್ರೆ ಕೈ ನಿಲ್ಲಾಕಿಲ್ಲ, ಅದು ಅವ್ರ ರಕ್ತದಾಗೇ ಐತೆ."

ಮುಂದಿನ ಸಾಲು ನಕ್ಕಿತು. ಅರ್ಥವಾದವರು ಒಂದು ಬಗೆ ನಕ್ಕರು, ಆಗದವರು ಇನ್ನೊಂದು ಬಗೆ. ಮಮತಾ ಕೋಲಿಗೆ ಕೋಲು ತಟ್ಟಿ ಎಣಿಸಿ ಹಾಡನ್ನು ಮತ್ತೆ ಶುರು ಮಾಡಿದಳು, ಮುಗಿಸಿದಳು, ಇಳಿದಳು. ವಾಪಸು ಬರುವಾಗ ಮನೋಹರ ವ್ಯಾನಿನ ಮುಂದಿನ ಸೀಟಿನಲ್ಲಿ ಕೂತು, ಹಿಂದಕ್ಕೆ ತಿರುಗದೆ, ಡ್ರಮ್ಸಿಗೆ ಚನ್ನಪಟ್ಟಣದ ಲೋಕೇಶನನ್ನು ಮಾತಾಡಿಸಿದ್ದೇನೆ, ಅವನ ಕೈ ಗಡಿಯಾರದ ಹಾಗೆ ಎಂದ. ಸಾಬೀರ ಕಿಟಕಿಯಾಚೆ ನೋಡುತ್ತಿದ್ದ. ಹುಳುಮನೆಯಲ್ಲಿ ಮಮತಾಳದೆಂದು ಇದ್ದುದು ಕಾಲಲ್ಲಿ ತುಳಿಯುವ ಪೆಡಲು ಒಂದೇ. ಮರುದಿನ ಹೋಗಿ ಅದನ್ನು ಬಿಚ್ಚಿಕೊಂಡು ಬಂದಳು.

ಅಳು ಬರಲಿಲ್ಲ. ಬಂದಿದ್ದರೆ ಹೋಗಿಬಿಡುತ್ತಿತ್ತೇನೋ. ಒಳಗೆ ಒಂದು ಮಾತು ಮಾತ್ರ ಕೂತಿತು: ಅದೇ ಕಾಲೇಜು, ಅದೇ ವೇದಿಕೆ, ಅದೇ ಮೈಕು, ಅದೇ ನಗು. ನಗೆಗೀಡಾಗುವವನು ಮಾತ್ರ ಬೇರೆ.

ಅಪ್ಪ ದೊಡ್ಡಮುನಿಯಪ್ಪ ರಾಮನಗರದ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದು ನಿವೃತ್ತನಾಗಿದ್ದ. ಅವ್ವ ಯಲ್ಲಮ್ಮ ಅಂಗನವಾಡಿ ಕಾರ್ಯಕರ್ತೆ. ಮನೆಯ ಹಿಂದಿನ ಶೀಟಿನ ಕೋಣೆಯಲ್ಲಿ ಮಮತಾ ಅಭ್ಯಾಸಕ್ಕೆ ಜಾಗ ಮಾಡಿಕೊಂಡಳು. ಸ್ಟೂಲಿನ ಮೇಲೆ ಹಳೇ ಟೈರಿನ ತುಂಡು, ಪೆಡಲಿನ ಎದುರಿಗೆ ಬಟ್ಟೆ ತುರುಕಿದ ಗೋಣಿಚೀಲ, ಕಿವಿಯಲ್ಲಿ ಫೋನಿನ ಮೆಟ್ರೊನೋಮು ಟಿಕ್ ಟಿಕ್ ಎಂದು ತಾಳ ಹಾಕುವುದು. ಪಾಳಿ ಮುಗಿಸಿ ಬಂದು, ಸಮವಸ್ತ್ರವನ್ನೂ ಬದಲಿಸದೆ ಕೂರುತ್ತಿದ್ದಳು. ಬಲಗೈ ಸಮ, ಎಡಗೈ ಎರಡಕ್ಕೊಮ್ಮೆ, ಕಾಲು ಗಿಟಾರಿನ ಎಳೆತಕ್ಕೆ. ನಿಧಾನಕ್ಕೆ ಇಟ್ಟುಕೊಂಡು, ಒಂದು ದಿನಕ್ಕೆ ಒಂದು ಕೂದಲೆಳೆಯಷ್ಟು ಏರಿಸಿ, ಹಾಡಿನ ಅಳತೆಗೆ ತಂದಳು.

ಒಬ್ಬಳೇ ಇದ್ದಾಗ ಕೈ ನಿಲ್ಲುತ್ತಿತ್ತು. ಕನಕಪುರದ ದಿನದ ವಿಡಿಯೊವನ್ನು ಫೋನಿನಲ್ಲಿ ಹಾಕಿ, ಸದ್ದು ಅಡಗಿಸಿ, ಆ ಕುಣಿಯುವ ಹುಡುಗರನ್ನು ನೋಡುತ್ತ ಬಾರಿಸಿದರೆ ಮಾತ್ರ ಕೈ ಹಳೇ ದಾರಿ ಹಿಡಿಯುತ್ತಿತ್ತು. ಮನೋಹರ ಮೈಕಿನ ಹತ್ತಿರ ಬರುವ ಜಾಗಕ್ಕಂತೂ ಟಿಕ್ ಟಿಕ್ ಹಿಂದೆ ಬಿದ್ದುಹೋಗುತ್ತಿತ್ತು. ಆಗ ಅವಳಿಗೆ ಒಂದು ಗೊತ್ತಾಯಿತು. ಕುಣಿತಕ್ಕೆ ಓಡುವ ಕೈಯೇ ಸಿಟ್ಟಿಗೂ ಓಡುತ್ತದೆ. ಸೇಡು ತೀರಬೇಕಾದರೆ ಮೊದಲು ಸೇಡನ್ನೇ ನಡೆಯಲು ಕಲಿಸಬೇಕು.

ಸಾಬೀರ ಒಂದು ಸಂಜೆ ಮನೆಗೆ ಬಂದ. ಅವನಿಗೆ ಆ ವ್ಯಾನಿನ ದಿನ ಬಾಯಿ ಬಿಡದ್ದು ಚುಚ್ಚುತ್ತಿತ್ತು ಎಂದು ಕಾಣುತ್ತದೆ. ಯಲ್ಲಮ್ಮ ಕೊಟ್ಟ ಕಾಫಿ ಕುಡಿದು, ಹುಳುಮನೆಯ ಅಭ್ಯಾಸವನ್ನೆಲ್ಲ ತಾನು ಫೋನಿನಲ್ಲಿ ಹಿಡಿದಿಟ್ಟಿದ್ದೇನೆ, ಬೇಕಾದರೆ ತಗೋ ಎಂದು ಕಳಿಸಿ ಹೋದ. ಮಮತಾ ಅದನ್ನು ಮೆಟ್ರೊನೋಮಿನ ಪಕ್ಕ ಇಟ್ಟು ಕೇಳಿದಳು. ತನ್ನ ತಪ್ಪು ಕೇಳಿತು. ಇನ್ನೂ ಕೇಳುತ್ತ ಹೋದಾಗ, ಅದರ ಒಳಗಿಂದ ಮತ್ತೊಂದು ಕೇಳಿತು. ನಡಿಗೆಯ ಭಾಗದಲ್ಲಿ, ಸುತ್ತಿನ ಕೊನೆಗೆ ಬರುವಾಗ, ಮನೋಹರನ ಗಿಟಾರು ಹೊಸ್ತಿಲು ಕಂಡ ಎತ್ತಿನ ಹಾಗೆ ಮುಂದಕ್ಕೆ ಜಗ್ಗುತ್ತಿತ್ತು. ಪ್ರತಿ ಸಲವೂ. ಅವಳು ಅವನ ಹಿಂದೆ ಓಡಿ ಅದನ್ನು ಮುಚ್ಚುತ್ತಿದ್ದಳು. ಇಬ್ಬರೂ ಒಟ್ಟಿಗೆ ಓಡಿದಾಗ ಓಟ ಕಾಣುವುದಿಲ್ಲ. ಕನಕಪುರದಲ್ಲಿ ಮೊದಲು ಓಡಿದವರು ಯಾರು ಎಂದು ವಿಡಿಯೊದಲ್ಲಿ ಎಷ್ಟು ಸಲ ಕೇಳಿದರೂ ತೀರ್ಮಾನವಾಗಲಿಲ್ಲ. ತೀರ್ಮಾನ ಅವಳಿಗೆ ಬೇಕಾಗಿಯೂ ಇರಲಿಲ್ಲ. ಎಲ್ಲಿ ಕೈ ಇಡಬೇಕು ಎಂದು ಗೊತ್ತಾಗಿತ್ತು.

ಅವನು ಓಡುವಾಗ ತಾನು ಓಡಬಾರದು. ಅಷ್ಟೇ. ಆದರೆ ಮುಂದೆ ಜನ ಕುಣಿಯುತ್ತಿದ್ದಾಗ, ಪಕ್ಕದಲ್ಲಿ ಗಿಟಾರು ಎಳೆಯುತ್ತಿದ್ದಾಗ, ಒಳಗೆ ಸಿಟ್ಟು ಕೂತಿದ್ದಾಗ ಓಡದೆ ಇರುವುದು ಟಿಕ್ ಟಿಕ್ ಎನ್ನುವ ಫೋನಿನಿಂದ ಬರುವ ವಿದ್ಯೆಯಾಗಿರಲಿಲ್ಲ. ಹೀಗೆ ಯೋಚಿಸುತ್ತ ಇರುವಾಗ ಒಂದು ದಿನ ಬಸ್ ನಿಲ್ದಾಣದ ಕಡೆಯಿಂದ ಒಂದು ಶವಯಾತ್ರೆ ಬಂತು. ಬೈಕು, ಆಟೊ, ಲಾರಿ ಎಲ್ಲ ಹಾರನ್ ಒತ್ತುತ್ತಿದ್ದವು. ಕುಡಿದ ಇಬ್ಬರು ಹುಡುಗರು ಚಟ್ಟದ ಮುಂದೆ ಹುಚ್ಚೆದ್ದು ಕುಣಿಯುತ್ತಿದ್ದರು. ತಮಟೆ ಮಾತ್ರ ತನ್ನ ಪಾಡಿಗೆ ತಾನು, ಏರದೆ ನಡೆಯುತ್ತಿತ್ತು. ಮಮತಾ ರಸ್ತೆ ಬದಿಗೆ ನಿಂತು ಫೋನಿನ ಮೆಟ್ರೊನೋಮನ್ನು ಅದಕ್ಕೆ ಹೊಂದಿಸಿ ನೋಡಿದಳು. ತಮ್ಮ ಹಾಡಿನ ನಡಿಗೆಗೆ ಅದು ಸರಿಯಾಗಿ ಅರ್ಧ. ಹೊತ್ತವರ ಒಂದು ಹೆಜ್ಜೆಗೆ ಹಾಡಿನ ಎರಡು ಪೆಟ್ಟು.

ಅಪ್ಪ ಒಂದು ಕಾಲಕ್ಕೆ ಅದನ್ನೇ ಬಡಿಯುತ್ತಿದ್ದವನು. ಡಿಪೋದಲ್ಲಿ ಕೆಲಸ ಸಿಕ್ಕ ದಿನ ತಮಟೆಯನ್ನು ಅಟ್ಟಕ್ಕೆ ಹಾಕಿದ್ದ. ನನ್ನ ಮಕ್ಕಳ ಕೈಗೆ ಇದು ಬರಬಾರದು ಎಂದಿದ್ದನಂತೆ. ಮಗಳ ಡ್ರಮ್ಸ್ ಅವನಿಗೆ ಇಂಗ್ಲಿಷ್ ಗಲಾಟೆ. ಬೇಡವೆನ್ನಲಿಲ್ಲ, ಬಂದು ಕೇಳಲೂ ಇಲ್ಲ. ಅವತ್ತು ಅವನು ಟಿವಿ ಮುಂದೆ ಕೂತಿದ್ದಾಗ ಮಮತಾ ಕೇಳಿದಳು.

"ಅಪ್ಪ, ಹೆಣದ ಮುಂದೆ ಬಡಿಯೋ ಬಡಿತ ನಂಗೆ ಹೇಳ್ಕೊಡು."

ದೊಡ್ಡಮುನಿಯಪ್ಪ ಟಿವಿಯ ಸದ್ದು ಇಳಿಸಿದ. "ಅದ್ಯಾಕವ್ವ ನಿಂಗೆ?"

"ಸೇಡು ತೀರ್ಸ್ಕಬೇಕು."

ಕನಕಪುರದ ಮಾತನ್ನು ಅವಳು ಮನೆಯಲ್ಲಿ ಹೇಳಿರಲಿಲ್ಲ. ಈಗ ಹೇಳಿದಳು, ಮೈಕಿನ ಮಾತನ್ನು ಅಕ್ಷರ ಬಿಡದೆ. ದೊಡ್ಡಮುನಿಯಪ್ಪ ಕೇಳಿಕೊಂಡು ಎದ್ದು ಹೊರಗೆ ಹೋದ. ನಲ್ಲಿ ತಿರುಗಿಸಿದ ಸದ್ದು, ಮುಖ ತೊಳೆದ ಸದ್ದು. ಬಂದು ಬಾಗಿಲಲ್ಲೇ ನಿಂತ.

"ತಮಟೆ ಮುಟ್ಟಾಕೆ ಬುಡಾಕಿಲ್ಲ ನಾನು. ನಡೆ ಹೇಳ್ಕೊಡ್ತೀನಿ. ಬೆಳಿಗ್ಗೆ ಎದ್ದೇಳು."

ಬೆಳಿಗ್ಗೆ ಎದ್ದರೆ ಅಂಗಳದಲ್ಲಿ ಬಿದಿರಿನ ಏಣಿ ಅಡ್ಡ ಮಲಗಿತ್ತು. ಅದರ ಮೇಲೆ ರಾಗಿ ಮೂಟೆಯನ್ನು ಹಗ್ಗದಲ್ಲಿ ಬಿಗಿದಿದ್ದ. ಮುಂದಿನ ತುದಿಗೆ ಅವನು, ಹಿಂದಿನ ತುದಿಗೆ ಮಗಳು. ಹೊತ್ತುಕೊಂಡು ಅಂಗಳದ ಈ ಗೋಡೆಯಿಂದ ಆ ಗೋಡೆಗೆ, ಅಲ್ಲಿಂದ ಇಲ್ಲಿಗೆ. ಬಡಿತವನ್ನು ಅವನು ಬಾಯಲ್ಲಿ ಹೇಳುತ್ತಿದ್ದ. ಕೈಯಲ್ಲಿ ಬರುವುದಕ್ಕೆ ಮುಂಚೆ ಅದು ಹೆಗಲಲ್ಲಿ ಬರಬೇಕಂತೆ.

"ಬಡಿಯೋನು ಮುಂದೆ ಹೋಯ್ತಾನೆ, ತಿರುಗಿ ನೋಡಂಗಿಲ್ಲ," ಎಂದ. "ಹಿಂದೆ ಹೊತ್ತೋರ ಹೆಜ್ಜೆ ಸದ್ದು ಕೇಳ್ಕಂಡು ಬಡೀಬೇಕು. ಯಾರಾದ್ರೂ ಅಳ್ಲಿ, ಯಾರಾದ್ರೂ ಕುಣೀಲಿ, ಕುಡ್ದು ಬೀಳ್ಲಿ. ಹೊತ್ತೋನಿಗೆ ಭಾರ ಐತೆ. ನೀನು ಏರಿಸಿದ್ರೆ ಅವ್ನು ಮುಗ್ಗರಿಸ್ತಾನೆ."

ಯಲ್ಲಮ್ಮ ಅಂಗನವಾಡಿಗೆ ಹೊರಟವಳು ಬಾಗಿಲಿಗೆ ಬಂದು ನೋಡಿದಳು. ಎದುರು ಮನೆಯವರೂ ಕಾಂಪೌಂಡಿನ ಮೇಲಿಂದ ನೋಡುತ್ತಿದ್ದರು.

"ಹೊತ್ತುಟ್ಟೋ ಹೊತ್ನಲ್ಲಿ ಅಂಗಳದಾಗೆ ಚಟ್ಟ ಹೊತ್ಕಂಡು ತಿರುಗ್ತೀರಲ್ಲ, ಯಾರನ್ನ ಕಳ್ಸಾಕೆ?"

"ಒಬ್ಬ ಅವ್ನೆ ಕಣವ್ವ, ಮಾಗಡಿ ರೋಡಲ್ಲಿ," ಎಂದಳು ಮಮತಾ.

"ಕಳ್ಸಿ, ಕಳ್ಸಿ. ಆಮೇಲೆ ರಾಗಿ ತಂದು ಒಳಗಿಡಿ. ಮಧ್ಯಾಹ್ನ ಅದ್ರದ್ದೇ ಮುದ್ದೆ ತಿನ್ಬೇಕು ನೀವು."

ಹೀಗೆ ಸುಮಾರು ದಿನ ನಡೆಯಿತು. ಮೊದಮೊದಲು ಅವಳ ಹೆಜ್ಜೆ ಮುಂದಾಗಿ ಏಣಿ ಅಪ್ಪನ ಬೆನ್ನಿಗೆ ಗುದ್ದುತ್ತಿತ್ತು. ಬರಬರುತ್ತ ಅದು ನಿಂತಿತು. ಶೀಟಿನ ಕೋಣೆಗೆ ಹೋಗಿ ಟೈರಿನ ಮುಂದೆ ಕೂತಾಗ, ಹೆಗಲ ಮೇಲೆ ಮೂಟೆಯಿದೆ ಎಂದುಕೊಂಡೇ ಬಾರಿಸಿದಳು. ಫೋನಿನಲ್ಲಿ ಹುಡುಗರು ಕುಣಿದರು, ಮನೋಹರ ಮೈಕಿಗೆ ಬಂದ, ಬಾಯಿ ತೆರೆದ. ಭಾರ ಹೊತ್ತ ಮೈ ಓಡಲಿಲ್ಲ. ಸಿಟ್ಟು ಅಲ್ಲೇ ಇತ್ತು. ಈಗ ಅದೂ ಮೂಟೆಯ ಜೊತೆಗೆ, ಅದೇ ಹೆಜ್ಜೆಯಲ್ಲಿ ಬರುತ್ತಿತ್ತು.

ಕೊನೆಗೆ ದೊಡ್ಡಮುನಿಯಪ್ಪ ಇನ್ನೊಂದು ಹೇಳಿಕೊಟ್ಟ. ದೂರದ ಹಾದಿಯಲ್ಲಿ ಹೊತ್ತವರ ಹೆಗಲು ಸೋಲುತ್ತದೆ. ಆಗ ಬಡಿಯುವವನು ಸುತ್ತಿನ ಕೊನೆಗೆ ಒಂದು ಪೆಟ್ಟಿನ ಜಾಗವನ್ನು ಖಾಲಿ ಬಿಡುತ್ತಾನೆ. ಆಮೇಲೆ ಮೂರು ಬೇಗದ ಪೆಟ್ಟು. ಆಮೇಲೆ ಒಂದು ಗಟ್ಟಿ ಪೆಟ್ಟು. ಖಾಲಿ ಬಿಟ್ಟಲ್ಲಿ ಹೊತ್ತವರು ಭಾರವನ್ನು ಮೇಲಕ್ಕೆ ಎತ್ತಬೇಕು, ಗಟ್ಟಿ ಪೆಟ್ಟಿಗೆ ಇನ್ನೊಂದು ಹೆಗಲ ಮೇಲೆ ಇಳಿಸಬೇಕು. ನಾಲ್ಕು ಜನವೂ ಒಟ್ಟಿಗೆ.

"ಇದನ್ನ ಹೊರೋರಿಗೆ ಯಾರೂ ಹೇಳ್ಕೊಡಾಕಿಲ್ಲ," ಎಂದ. "ಒಂದ್ಸಾರಿ ಹೊತ್ತ ಮೈ ಸಾಯೋಗಂಟ ಮರೆಯಾಕಿಲ್ಲ. ಇನ್ನೊಂದು. ಹೊತ್ತೋನು ಸೋತಿದ್ದು ಕಿವಿಗೆ ಬಿದ್ರೆ ಆ ಬಡಿತ ಕೊಡ್ಲೇಬೇಕು. ಆಗದೋರ ಮನೆ ಹೆಣ ಆದ್ರೂ ಸೈ."

ಮಮತಾಳಿಗೆ ಆಗ ನೆನಪಾಯಿತು. ಎರಡು ಬೇಸಿಗೆ ಹಿಂದೆ ಮನೋಹರನ ತಾತ ಕೃಷ್ಣಪ್ಪನವರು ತೀರಿಕೊಂಡಾಗ ಅವಳೂ ಸಾಬೀರನೂ ಹೋಗಿದ್ದರು. ತೋಟದ ಬೇಲಿಯ ಹತ್ತಿರ, ಸ್ವಲ್ಪ ದೂರದಲ್ಲೇ ನಿಂತಿದ್ದರು. ಮನೋಹರ ಬರಿಮೈಯಲ್ಲಿ ಚಟ್ಟದ ಬಲತುದಿ ಹೊತ್ತಿದ್ದ. ತಮಟೆ ಒಂದು ಗಳಿಗೆ ನಿಂತಿತು. ಅವನ ಹೆಗಲು ಮೇಲಕ್ಕೆ ಎದ್ದಿತು. ಮೂರು ಪೆಟ್ಟು, ಒಂದು ಪೆಟ್ಟು, ಭಾರ ಎಡಕ್ಕೆ ಇಳಿಯಿತು. ಅಳುತ್ತಿದ್ದವನು ಅಳು ನಿಲ್ಲಿಸದೆಯೇ ಅದನ್ನು ಮಾಡಿದ್ದ.

ಅವಳು ಏಣಿ ಇಳಿಸಿದಳು. ಅಲ್ಲಿಯವರೆಗೂ ಅವಳ ಲೆಕ್ಕ ಅವನನ್ನು ಬೀಳಿಸುವುದಕ್ಕೆ ನಿಂತಿತ್ತು. ಈಗ ಬಿದ್ದವನನ್ನು ಯಾರ ಬಡಿತಕ್ಕೆ ಎಬ್ಬಿಸಬೇಕು ಎಂಬುದೂ ಗೊತ್ತಾಯಿತು.

ಕಾಯುವವರಿಗೆ ಕಾಲ ಬರುತ್ತದೆ. ಕನಕಪುರದ ಕಾಲೇಜಿನ ವಾರ್ಷಿಕೋತ್ಸವ ಮತ್ತೆ ಹತ್ತಿರವಾಯಿತು. ಮನೋಹರನ ಬ್ಯಾಂಡನ್ನು ಮತ್ತೆ ಕರೆದಿದ್ದರು. ಅಷ್ಟರಲ್ಲಿ ಲೋಕೇಶ ಬೈಕಿನಿಂದ ಬಿದ್ದು ಮಣಿಕಟ್ಟು ಮುರಿದುಕೊಂಡ. ಸಾಬೀರ ಫೋನು ಮಾಡಿ, ಮನೋಹರ ಕೇಳು ಎಂದಿದ್ದಾನೆ, ಬರುತ್ತೀಯಾ ಎಂದ. ಅವನೇ ಮನೆಗೆ ಬಂದು ಕೇಳಲಿ ಎಂದಳು ಮಮತಾ.

ಬಂದ. ಬೈಕನ್ನು ಗೇಟಿನ ಹೊರಗೆ ನಿಲ್ಲಿಸಿ, ಇಂಜಿನ್ ಆರಿಸದೆ, ಮೇಲೆಯೇ ಕೂತಿದ್ದ. ದೊಡ್ಡಮುನಿಯಪ್ಪ ಒಳಗೆ ಬಾರಪ್ಪ ಎಂದರೆ, ಇರಲಿ ಕಣಣ್ಣ, ಅರ್ಜೆಂಟು ಎಂದ. ಅವನು ಒಳಗೆ ಬಾರದ್ದನ್ನೂ, ಅಪ್ಪನ ವಯಸ್ಸಿನವರನ್ನು ಅಣ್ಣ ಎಂದದ್ದನ್ನೂ ಮಮತಾ ಗಮನಿಸಿದಳು, ಲೆಕ್ಕಕ್ಕೆ ಸೇರಿಸಿಕೊಂಡಳು.

"ಒಂದೇ ಶೋ ಮಮತಾ. ಓಡಿಸ್ಬೇಡ, ಅಷ್ಟೆ."

"ಓಡಿಸಲ್ಲ," ಎಂದಳು.

ಹುಳುಮನೆಯಲ್ಲಿ ಅಭ್ಯಾಸಕ್ಕೆ ಕೂತಾಗ ಅವಳು ಕಲಿತದ್ದನ್ನು ತೋರಿಸಲಿಲ್ಲ. ಮನೋಹರ ಓಡಿದ ಕಡೆ ಹಿಂದೆಯೇ ಓಡಿ, ಮೊದಲಿನ ಹಾಗೆಯೇ ಅವನ ಓಟವನ್ನು ಮುಚ್ಚಿದಳು. ಪರವಾಗಿಲ್ಲ, ಸುಧಾರಿಸಿದ್ದೀಯ ಎಂದ ಮನೋಹರ. ಸಾಬೀರ ಮಾತ್ರ ಒಂದೆರಡು ಸಲ ತಿರುಗಿ ಅವಳ ಮುಖ ನೋಡಿದ. ಬಾಗಿಲಾಚೆ ಸಾವನದುರ್ಗದ ಬೋಳು ಬಂಡೆ ಬಿಸಿಲಿಗೆ ಹೊಳೆಯುತ್ತಿತ್ತು. ಅವಳು ಪೆಡಲಿನ ಸ್ಕ್ರೂ ಬಿಗಿ ಮಾಡುತ್ತ ತಲೆ ತಗ್ಗಿಸಿದಳು.

ಕಾರ್ಯಕ್ರಮ ಮಧ್ಯಾಹ್ನದ ಮೇಲೆ. ಅಪ್ಪನನ್ನೂ ಬಾ ಎಂದು ಕರೆದಳು. ಅವನು ಇಸ್ತ್ರಿ ಅಂಗಿ ಹಾಕಿಕೊಂಡು ಬಂದು, ಮೈದಾನದ ಹಿಂದೆ, ಹೊಂಗೆ ಮರದ ಕೆಳಗೆ ನಿಂತ. ವೇದಿಕೆ ಅದೇ. ಮೈಕಿನ ಕೋಲು ಕೂಡ ಅದೇ ಇದ್ದಂತಿತ್ತು. ಮುಂದಿನ ಸಾಲಿನಲ್ಲಿ ಹಳಬರು ಇದ್ದರು. ಒಬ್ಬ ಅವಳನ್ನು ಗುರುತಿಸಿ ಪಕ್ಕದವನಿಗೆ ಏನೋ ಹೇಳಿ, ಗಾಳಿಯಲ್ಲಿ ತಮಟೆ ಬಡಿದು ತೋರಿಸಿದ.

ಹಾಡು ಶುರುವಾಯಿತು. ಓಟದ ಭಾಗವನ್ನು ಅವಳು ಒಂದು ಕೂದಲೂ ಅಲ್ಲಾಡದಂತೆ ಓಡಿಸಿದಳು. ಮನೋಹರ ಖುಷಿಯಲ್ಲಿ ತಲೆ ಬೀಸಿದ. ಆಮೇಲೆ ನಡಿಗೆ ಬಂತು. ಮಮತಾ ಮನಸ್ಸಿನಲ್ಲೇ ರಾಗಿ ಮೂಟೆಯನ್ನು ಹೆಗಲಿಗೆ ತಂದುಕೊಂಡಳು. ಬಲಗೈ ತಟ್ಟೆಯ ಮೇಲೆ ಸಮ ಕೂತಿತು, ಎಡಗೈ ತನ್ನ ಸರದಿಗೆ ಬಿತ್ತು, ಕಾಲು ಕೆಳಗೆ ನೆಲ ಹಾಸುತ್ತ ಹೋಯಿತು. ಒಂದು ಸುತ್ತು ಸರಿಯಾಗಿ ಹೋಯಿತು. ಎರಡನೆಯದಕ್ಕೆ ಹುಡುಗರು ಎದ್ದು ಕುಣಿಯತೊಡಗಿದರು. ಸುತ್ತಿನ ಕೊನೆ ಹತ್ತಿರವಾಯಿತು. ಮನೋಹರನ ಗಿಟಾರು ಹೊಸ್ತಿಲು ಕಂಡು ಜಗ್ಗಿತು.

ಡ್ರಮ್ಸ್ ಜಗ್ಗಲಿಲ್ಲ.

ಅವನ ಎಳೆತ ಎರಡು ಪೆಟ್ಟಿನ ನಡುವೆ ಬಿತ್ತು. ಮೆಟ್ಟಿಲು ಇದೆ ಎಂದು ಕಾಲಿಟ್ಟವನ ಹಾಗೆ ಒಮ್ಮೆ ತಡವರಿಸಿ, ಹಿಂದಕ್ಕೆ ತಿರುಗಿ ನೋಡಿದ. ಗಿಟಾರಿನ ಕತ್ತನ್ನು ಮೇಲಕ್ಕೆ ಕೆಳಕ್ಕೆ ಆಡಿಸಿ, ಬಾ ಬಾ ಎಂದ. ಮಮತಾ ಅವನನ್ನು ನೋಡಲಿಲ್ಲ, ಕುಣಿಯುವವರನ್ನೂ ನೋಡಲಿಲ್ಲ. ಸಾಬೀರನ ತಾಳ ಹಾಕುವ ಕಾಲನ್ನು ನೋಡುತ್ತಿದ್ದಳು. ಆ ಕಾಲು ಮೊದಲು ಮನೋಹರನ ಕಡೆಗೆ ಅರ್ಧ ಓಡಿತು. ನಿಂತಿತು. ಆಮೇಲೆ ಅವಳ ಹೆಜ್ಜೆಗೆ ಬಂದು ಕೂತಿತು. ವ್ಯಾನಿನಲ್ಲಿ ಬಾಯಿ ಬಿಡದವನು ಈಗ ಕಾಲಿನಲ್ಲಿ ಹೇಳಿದ್ದ.

ಇಬ್ಬರು ಒಂದು ಕಡೆಯಾದ ಮೇಲೆ ಮೂರನೆಯವನ ತಪ್ಪು ಎಲ್ಲರಿಗೂ ಕೇಳುತ್ತದೆ. ಮನೋಹರ ಹಿಂದಕ್ಕೆ ಬರಲು ನೋಡಿದ, ಹೆಚ್ಚು ಹಿಂದಾಯಿತು. ಮುಂದೆ ಹೋಗಲು ನೋಡಿದ, ಹೆಚ್ಚು ಮುಂದಾಯಿತು. ಬಲಗೈಯ ಮುಂದೋಳು ಬಿಗಿದುಕೊಂಡದ್ದು ಹಿಂದಿನಿಂದಲೇ ಕಾಣುತ್ತಿತ್ತು. ಕೊನೆಗೆ ನಿಲ್ಲಿಸಿಬಿಟ್ಟ. ಬಗ್ಗಿ, ಕಾಲ ಬಳಿಯ ವೈರನ್ನು ಎಳೆದು ನೋಡುವವನ ಹಾಗೆ ನಟಿಸಿದ. ವೈರು ಸರಿಯಾಗಿಯೇ ಇತ್ತು.

ಡ್ರಮ್ಸು ಮತ್ತು ಬೇಸು ನಡೆಯುತ್ತಲೇ ಇದ್ದವು. ಕುಣಿಯುತ್ತಿದ್ದ ಹುಡುಗರ ಕಾಲು ನಿಧಾನಕ್ಕೆ ನಿಂತು, ತಲೆ ತೂಗತೊಡಗಿತು. ಮುಂದಿನ ಸಾಲು, ಅದರ ಹಿಂದಿನ ಸಾಲು, ಒಂದೇ ಅಳತೆಗೆ. ಸುತ್ತಿನ ಕೊನೆ ಬಂತು. ಹೊತ್ತವನು ಸೋತದ್ದು ಕಿವಿಗೆ ಬಿದ್ದಿತ್ತು. ಕೊಡಲೇಬೇಕಾದ ಬಡಿತ ಅವಳ ಮಣಿಕಟ್ಟಿಗೆ ಬಂದು ನಿಂತಿತ್ತು.

ಮಮತಾ ಕೊಡಲಿಲ್ಲ. ಇನ್ನೊಂದು ಸುತ್ತು ಹಾಗೆಯೇ ನಡೆಸಿದಳು.

ಮನೋಹರ ಆ ಸುತ್ತಿನ ಉದ್ದಕ್ಕೂ ಮೈಕಿನ ಎದುರಿಗೆ, ತಂತಿಯ ಮೇಲೆ ಕೈಯಿಟ್ಟು, ಎಲ್ಲಿಂದ ಒಳಗೆ ಬರಬೇಕು ಎಂದು ತಿಳಿಯದೆ ನಿಂತಿದ್ದ. ಮುಂದಿನ ಸಾಲಿನಿಂದ ಯಾರೋ ಕೂಗಿದರು.

"ಏನಣ್ಣ, ದಾರಿ ತಪ್ಪೋಯ್ತಾ?"

ನಗು ಎದ್ದಿತು. ಅದೇ ನಗು. ಅವಳು ವರ್ಷವೆಲ್ಲ ಕಾದದ್ದು ಇದಕ್ಕೆ. ಕೈ ಏರಿಸದೆ, ಇಳಿಸದೆ, ಆ ನಗುವನ್ನು ಶುರುವಿಂದ ಕೊನೆಯವರೆಗೆ ಕೇಳಿಸಿಕೊಂಡಳು. ಅದು ಪೂರ್ತಿ ಅಡಗಿದ ಮೇಲೆ, ಸುತ್ತಿನ ಕೊನೆಗೆ, ಒಂದು ಪೆಟ್ಟಿನ ಜಾಗವನ್ನು ಖಾಲಿ ಬಿಟ್ಟಳು.

ಸಾಬೀರನಿಗೆ ಇದು ಗೊತ್ತಿರಲಿಲ್ಲ, ಅವನೂ ತಡೆದ. ಇಡೀ ಮೈದಾನ ಒಂದು ಗಳಿಗೆ ಸದ್ದಿಲ್ಲದೆ ನಿಂತಿತು. ಆ ಖಾಲಿಯಲ್ಲಿ ಮನೋಹರನ ಹೆಗಲು, ಗಿಟಾರಿನ ಪಟ್ಟಿಯ ಕೆಳಗೆ, ಮೇಲಕ್ಕೆ ಎದ್ದಿತು. ಮೂರು ಬೇಗದ ಪೆಟ್ಟು. ಒಂದು ಗಟ್ಟಿ ಪೆಟ್ಟು. ಗಟ್ಟಿ ಪೆಟ್ಟಿಗೆ ಸರಿಯಾಗಿ ಅವನ ಕೈ ತಂತಿಯ ಮೇಲೆ ಇಳಿಯಿತು.

ಆಮೇಲೆ ಹಾಡು ಮುಗಿಯುವವರೆಗೂ ಅವನು ಒಂದು ಸಲವೂ ಓಡಲಿಲ್ಲ. ಅವಳು ಹಾಕಿದ ಹೆಜ್ಜೆಯ ಮೇಲೆಯೇ ಹೆಜ್ಜೆಯಿಟ್ಟು ನಡೆದ. ಚಪ್ಪಾಳೆ ಜೋರಾಗಿಯೇ ಬಿತ್ತು. ಅವನು ಮೈಕಿನಲ್ಲಿ ಏನೂ ಹೇಳಲಿಲ್ಲ.

ವೇದಿಕೆಯ ಹಿಂದೆ ಮಮತಾ ಪೆಡಲು ಬಿಚ್ಚುತ್ತಿದ್ದಾಗ ಮನೋಹರ ವೈರು ಸುತ್ತುತ್ತ ಬಂದು ನಿಂತ. ಆ ಮೂರು ಪೆಟ್ಟು ಅಭ್ಯಾಸದಲ್ಲಿ ಇರಲಿಲ್ಲವಲ್ಲ, ಎಲ್ಲಿ ಕಲಿತೆ ಎಂದು ಕೇಳಿದ. ಮುಖ ನೋಡಲಿಲ್ಲ.

"ನಿಂಗೆ ಗೊತ್ತಿಲ್ವಾ? ನಿಮ್ ತಾತನ್ನ ಹೊತ್ಕೊಂಡು ಹೋದಾಗ ಆ ಬಡಿತಕ್ಕೇ ಅಲ್ವಾ ನೀನು ಹೆಗಲು ಬದ್ಲಾಯ್ಸಿದ್ದು. ನಾನು ಬೇಲಿ ಹತ್ರ ನಿಂತಿದ್ದೆ."

ವೈರು ಸುತ್ತುತ್ತಿದ್ದ ಕೈ ನಿಂತಿತು. ಇನ್ನೊಂದು ಕೈ ತಾನಾಗಿ ಬಲ ಹೆಗಲಿಗೆ ಹೋಗಿ, ಅಲ್ಲಿ ಏನೂ ಇಲ್ಲದ್ದನ್ನು ಮುಟ್ಟಿ ಕೆಳಗಿಳಿಯಿತು.

"ಈಗ ಹೇಳು," ಎಂದಳು ಮಮತಾ. "ಯಾರ ರಕ್ತದಾಗೆ ಐತೆ ಅದು?"

ಅವನು ಉಳಿದ ವೈರನ್ನು ಸುತ್ತಿ ಮುಗಿಸಿದ. ಆಮೇಲೆ ತಗ್ಗಿದ ದನಿಯಲ್ಲಿ ಅಂದ: "ಅವತ್ತು ತಮಾಷೆಗೆ ಅಂದಿದ್ದು ಕಣೆ ನಾನು."

"ನಾನೂ ಅಷ್ಟೆ. ಇವತ್ತು."

ಪೆಡಲನ್ನು ಚೀಲಕ್ಕೆ ಹಾಕಿ ಜಿಪ್ ಎಳೆದಳು. ಸಾಬೀರ ದೂರದಿಂದ ನೋಡುತ್ತಿದ್ದವನು, ಮುಂದಿನ ವಾರ ಪ್ರಾಕ್ಟೀಸಿಗೆ ಬರುತ್ತೀಯಾ ಎಂದು ಕೇಳಿದ. ಹುಳುಮನೆಗೆ ಬರುವುದಿಲ್ಲ, ಬೇಕಾದರೆ ನೀನು ನಮ್ಮ ಶೀಟಿನ ಕೋಣೆಗೆ ಬಾ, ಟೈರಿದೆ ಎಂದಳು. ಬತ್ತೀನಿ ಎಂದ ಸಾಬೀರ, ಮನೋಹರನಿಗೆ ಕೇಳುವಂತೆಯೇ.

ಅಪ್ಪ ಮಗಳು ರಾಮನಗರದ ಬಸ್ಸು ಹತ್ತಿದರು. ದೊಡ್ಡಮುನಿಯಪ್ಪ ಇಂಜಿನ್ನಿನ ಸದ್ದಿಗೆ ಕಿವಿಗೊಟ್ಟು, ಕ್ಲಚ್ಚು ಸವೆದಿದೆ ಎಂದ. ಬಯಲಿನಾಚೆ ಬಂಡೆಗುಡ್ಡಗಳ ಮೇಲೆ ಹೊತ್ತು ಇಳಿಯುತ್ತಿತ್ತು.

"ಮೊದಲ್ನೇ ಸುತ್ತಿಗೇ ಕೊಡ್ಬೇಕಿತ್ತು ನೀನು," ಎಂದ ಕೊನೆಗೆ.

"ಗೊತ್ತು."

"ಗೊತ್ತಿದ್ದೂ ಕೊಡ್ಲಿಲ್ಲ."

"ಇಲ್ಲ."

ಅವನು ಕಿಟಕಿಯ ಕಡೆ ತಿರುಗಿದ. ಬೈಯುತ್ತಾನೆಂದು ಅವಳು ಕಾದಳು. ಬೈಯಲಿಲ್ಲ.

"ತೀರ್ತಾ?" ಎಂದ.

ಮಮತಾ ಒಳಗೆ ತಡಕಿ ನೋಡಿಕೊಂಡಳು. ಕೂಗಿದವನ ದನಿ, ನಗು, ಹೆಗಲಿಗೆ ಹೋದ ಕೈ, ಎಲ್ಲವೂ ರುಚಿಯಾಗಿದ್ದವು. ಗೇಟಿನ ಹೊರಗೆ ಆರಿಸದೆ ಇಟ್ಟಿದ್ದ ಬೈಕಿನ ಸದ್ದು ಮಾತ್ರ ಇನ್ನೂ ಹಾಗೆಯೇ ಕೇಳುತ್ತಿತ್ತು.

"ಒಸಿ ಉಳ್ದೈತೆ ಕಣಪ್ಪ."

ರಾಮನಗರದಲ್ಲಿ ಇಳಿದಾಗ ಬೀದಿದೀಪ ಹತ್ತುತ್ತಿದ್ದವು. ನಿಲ್ದಾಣದಿಂದ ಮನೆಗೆ ಏರುದಾರಿ. ದೊಡ್ಡಮುನಿಯಪ್ಪ ಮುಂದೆ, ಚೀಲ ಹೊತ್ತ ಮಗಳು ಹಿಂದೆ. ಕಬ್ಬಿಣದ ಪೆಡಲು ಬಲ ಹೆಗಲನ್ನು ಕೊರೆಯುತ್ತಿತ್ತು. ಅವಳ ಚಪ್ಪಲಿ ಸ್ವಲ್ಪ ಎಳೆಯತೊಡಗಿತು. ಅಪ್ಪ ತಿರುಗಿ ನೋಡಲಿಲ್ಲ. ನಡೆಯುತ್ತಲೇ ಅವನ ಬಲಗೈ ಒಂದು ಹೆಜ್ಜೆಯ ಮಟ್ಟಿಗೆ ಗಾಳಿಯಲ್ಲಿ ನಿಂತಿತು. ಆಮೇಲೆ ಪಂಚೆಯ ಮೇಲೆ, ತೊಡೆಗೆ, ಮೂರು ಬೇಗದ ಪೆಟ್ಟು. ಒಂದು ಗಟ್ಟಿ ಪೆಟ್ಟು.

ಮಮತಾ ಚೀಲವನ್ನು ಎಡ ಹೆಗಲಿಗೆ ಇಳಿಸಿಕೊಂಡಳು.